ನಾಯಿಯ ಕಿವಿಗೆ ಎಣ್ಣೆಯೋ, ಸಲೈನೋ, ಅಂಗಡಿಯ ದ್ರಾವಣವೋ?

ತಿಪಟೂರು ಸೀಮೆಯಲ್ಲಿ ನಾಯಿ ಎರಡು ಸಲ ತಲೆ ಕೊಡವಿದರೆ ಮನೆಯವರ ಕೈ ಮೊದಲು ಹೋಗುವುದು ಕೊಬ್ಬರಿ ಎಣ್ಣೆಯ ಸೀಸೆಗೆ. ಕೊಬ್ಬರಿಯನ್ನೇ ನಂಬಿ ಬದುಕುವ ಊರಿನಲ್ಲಿ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮಗುವಿನ ನೆತ್ತಿಗೆ, ಹಸುವಿನ ಕೆಚ್ಚಲಿಗೆ, ಕಿರುಗುಟ್ಟುವ ಬಾಗಿಲಿಗೆ ಹಾಕುವ ಎಣ್ಣೆಯನ್ನೇ ನಾಯಿಯ ಕಿವಿಗೂ ಬಿಡುತ್ತಾರೆ. ತುಮಕೂರು ನಗರಕ್ಕೆ ಬಂದರೆ ಸಮಸ್ಯೆ ಇನ್ನೊಂದು ಬಗೆಯದು. ಅಲ್ಲಿ ಸಾಕುಪ್ರಾಣಿಗಳ ಅಂಗಡಿಯ ಕಪಾಟಿನಲ್ಲಿ ಕಿವಿಗೆಂದೇ ನಾಲ್ಕಾರು ಬಗೆಯ ಸೀಸೆಗಳು, ಒದ್ದೆ ಕಾಗದದ ಡಬ್ಬಿಗಳು, ಪುಡಿಗಳು ಸಾಲಾಗಿ ನಿಂತಿರುತ್ತವೆ, ಮತ್ತು ಯಾವುದನ್ನು ಕೊಳ್ಳಬೇಕೆಂದು ಕೇಳಿದರೆ ಅಂಗಡಿಯವರು ಸಾಮಾನ್ಯವಾಗಿ ಹೆಚ್ಚು ಬೆಲೆಯದನ್ನೇ ಮುಂದಿಡುತ್ತಾರೆ. ಈ ಎರಡರ ನಡುವೆ ಸಿಕ್ಕಿಕೊಂಡವರಿಗಾಗಿ, ಹಾಗೂ ಎರಡೂ ಕಡೆ ತಪ್ಪು ಮಾಡಿದವನೊಬ್ಬನ ಅನುಭವದಿಂದ, ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ನಮ್ಮ ತೋಟದ ಮನೆಯಲ್ಲಿ ಎರಡು ನಾಯಿಗಳಿವೆ. ಕೆಂಚ ಊರ ನಾಯಿ. ಅವನ ಕಿವಿಗಳು ಬಾಳೆಯ ಸುಳಿಯಂತೆ ಸದಾ ನೆಟ್ಟಗೆ ನಿಂತಿರುತ್ತವೆ. ರಾಕಿ ಲ್ಯಾಬ್ರಡಾರ್ ಮಿಶ್ರತಳಿ. ಅವನ ಕಿವಿಗಳು ಮುಚ್ಚಳದಂತೆ ಕೆಳಗೆ ಬಿದ್ದಿರುತ್ತವೆ, ಅದರ ಮೇಲೆ ತೋಟದ ಕೃಷಿ ಹೊಂಡದಲ್ಲಿ ಈಜುವುದು ಅವನ ನಿತ್ಯದ ಕಸುಬು. ಒಂದೇ ಮನೆಯಲ್ಲಿ ಒಂದೇ ಅನ್ನ ಉಂಡು ಬೆಳೆದ ಇವರಲ್ಲಿ ಕೆಂಚನ ಕಿವಿಗೆ ಏಳು ವರ್ಷದಲ್ಲಿ ಒಮ್ಮೆಯೂ ಯಾವ ದ್ರಾವಣವನ್ನೂ ಹಾಕಿಲ್ಲ. ರಾಕಿಯ ಕಿವಿಗಾಗಿ ಮಾತ್ರ ಒಂದು ಪ್ರತ್ಯೇಕ ಡಬ್ಬಿಯನ್ನೇ ಇಟ್ಟಿದ್ದೇವೆ. ಆದ್ದರಿಂದ ‘ನಾಯಿಯ ಕಿವಿಗೆ ಯಾವುದು ಒಳ್ಳೆಯದು’ ಎಂದು ಯಾರಾದರೂ ಕೇಳಿದರೆ, ಯಾವ ನಾಯಿ, ಯಾವ ಕಿವಿ, ಈಗ ಆ ಕಿವಿಯೊಳಗೆ ಏನಿದೆ ಎಂದು ತಿರುಗಿ ಕೇಳದೆ ಉತ್ತರ ಹೇಳಲು ನನಗೆ ಬಾಯಿ ಬರುವುದಿಲ್ಲ.

ಸೀಸೆ ತೆರೆಯುವ ಮುನ್ನ

ನಾಯಿಯ ಕಿವಿನಾಳ ನಮ್ಮದರಂತೆ ಹೆಚ್ಚುಕಡಿಮೆ ನೇರವಾಗಿಲ್ಲ. ಅದು ಮೊದಲು ಕೆನ್ನೆಯ ಪಕ್ಕದಲ್ಲಿ ಕೆಳಮುಖವಾಗಿ ಇಳಿದು, ಆಮೇಲೆ ಥಟ್ಟನೆ ತಲೆಯ ಒಳಬದಿಗೆ ತಿರುಗಿ, ಕೊನೆಗೆ ಕಿವಿತಮಟೆಯನ್ನು ಮುಟ್ಟುತ್ತದೆ. ಅಡುಗೆಮನೆಯ ಸಿಂಕಿನ ಕೆಳಗಿನ ಬಾಗಿದ ಪೈಪನ್ನು ನೆನಪಿಸಿಕೊಂಡರೆ ಸಾಕು. ಆ ಬಾಗುವಿನಿಂದಾಗಿ ಒಳಗೆ ಸೇರಿದ ನೀರು ತಾನಾಗಿ ಹೊರಬರುವುದು ಕಷ್ಟ, ಮತ್ತು ಹೊರಗಿನಿಂದ ನೋಡುವ ನಮಗೆ ಕಾಣುವುದು ಮೇಲಿನ ಅರ್ಧ ಮಾತ್ರ. ಆದರೆ ಅದೇ ನಾಳಕ್ಕೆ ತನ್ನನ್ನು ತಾನೇ ತೊಳೆದುಕೊಳ್ಳುವ ಶಕ್ತಿಯೂ ಇದೆ: ಒಳಗಿನ ಚರ್ಮದ ಮೇಲ್ಪದರವು ತಮಟೆಯ ಕಡೆಯಿಂದ ನಾಳದ ಬಾಯಿಯ ಕಡೆಗೆ ನಿಧಾನವಾಗಿ ಸರಿಯುತ್ತಾ, ಗುಗ್ಗೆಯನ್ನೂ ಸತ್ತ ಚರ್ಮವನ್ನೂ ಹೊತ್ತು ತರುತ್ತದೆ. ಆರೋಗ್ಯವಾಗಿರುವ ಕಿವಿಯಲ್ಲಿ ಈ ಕೆಲಸ ನಮ್ಮ ಸಹಾಯವಿಲ್ಲದೆಯೇ ನಡೆಯುತ್ತದೆ. ಅತಿಯಾಗಿ ತೊಳೆದರೆ ಚರ್ಮ ನೆನೆದು ಮೆತ್ತಗಾಗಿ, ಇಲ್ಲದ ಸೋಂಕಿಗೆ ದಾರಿಯಾಗುತ್ತದೆ.

ಹೀಗಾಗಿ ಮೊದಲ ಸಲಕರಣೆ ಮೂಗು. ವಾರಕ್ಕೊಮ್ಮೆ, ನಾಯಿ ಉಂಡು ಮಲಗಿರುವ ಹೊತ್ತಿನಲ್ಲಿ, ಕಿವಿಯ ಹಾಳೆಯನ್ನು ಮಡಚಿ ಒಳಗೆ ನೋಡಿ, ಮೂಗನ್ನು ಹತ್ತಿರ ತಂದು ವಾಸನೆ ತೆಗೆದುಕೊಳ್ಳಬೇಕು. ಆರೋಗ್ಯದ ಕಿವಿ ತಿಳಿ ಗುಲಾಬಿ ಬಣ್ಣದ್ದಾಗಿದ್ದು, ಸ್ವಲ್ಪ ತಿಳಿಗಂದು ಗುಗ್ಗೆಯಿದ್ದರೂ ದುರ್ವಾಸನೆ ಇರುವುದಿಲ್ಲ. ಎರಡು ದಿನ ಹೊರಗೇ ಉಳಿದ ದೋಸೆ ಹಿಟ್ಟಿನಂತೆ ಹುಳಿಹುಳಿಯಾಗಿ, ಮುಗ್ಗಲಾಗಿ ವಾಸನೆ ಬರುತ್ತಿದ್ದು, ಕಂದು ಬಣ್ಣದ ಜಿಡ್ಡು ಬೆರಳಿಗೆ ಅಂಟಿದರೆ ಅದು ಬಹುಮಟ್ಟಿಗೆ ಮಲಸೀಜಿಯಾ ಎಂಬ ಯೀಸ್ಟ್‌ನ ಕೆಲಸ. ಫಿಲ್ಟರಿನ ತಳದಲ್ಲಿ ಉಳಿಯುವ ಕಾಫಿ ಗಸಿಯಂತೆ ಒಣಗಿದ ಕಪ್ಪು ಕಣಗಳಿದ್ದು, ವಿಶೇಷವಾಗಿ ಅದು ಮರಿನಾಯಿಯಾಗಿದ್ದು, ಮನೆಯ ಬೆಕ್ಕೂ ಕಿವಿ ಕೆರೆದುಕೊಳ್ಳುತ್ತಿದ್ದರೆ ಕಿವಿನುಸಿಯನ್ನು ಅನುಮಾನಿಸಬೇಕು. ಬರಿಗಣ್ಣಿಗೆ ಕಾಣುವುದೇ ಕಷ್ಟವೆನಿಸುವ ಈ ಬಿಳಿ ಜೀವಿಗಳು ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ಹರಡುತ್ತವೆ. ಹಳದಿ ಅಥವಾ ಹಸಿರು ಕೀವು, ಹತ್ತಿರ ಹೋಗಲಾಗದ ನಾತ, ಮುಟ್ಟಿದರೆ ಕುಂಯ್‌ಗುಟ್ಟುವ ನೋವು ಇದ್ದರೆ ಬ್ಯಾಕ್ಟೀರಿಯಾದ ಸೋಂಕು. ಆದರೆ ಈ ಗುರುತುಗಳು ಅಂದಾಜಿಗೆ ಮಾತ್ರ. ಒಂದೇ ಕಿವಿಯಲ್ಲಿ ಯೀಸ್ಟೂ ಬ್ಯಾಕ್ಟೀರಿಯಾವೂ ಒಟ್ಟಿಗೆ ಬೀಡುಬಿಟ್ಟಿರುವುದು ಅಪರೂಪವಲ್ಲ.

ಒಂದು ಕಿವಿ ಮಾತ್ರ, ಅದೂ ಇದ್ದಕ್ಕಿದ್ದಂತೆ ಕೆಟ್ಟರೆ ಯೋಚನೆ ಬೇರೆ ದಿಕ್ಕಿಗೆ ಹೋಗಬೇಕು. ನಮ್ಮ ಬಯಲುಸೀಮೆಯ ಗೋಮಾಳಗಳಲ್ಲಿ ಮಳೆಗಾಲ ಮುಗಿದ ಮೇಲೆ ಊಬಿನ ಹುಲ್ಲು ಒಣಗಿ ನಿಲ್ಲುತ್ತದೆ. ಪಂಚೆಗೆ ಚುಚ್ಚಿಕೊಂಡು ಮುಂದಕ್ಕೆ ಮಾತ್ರ ಸರಿಯುವ ಆ ಊಬು ನಾಯಿಯ ಕಿವಿಗೆ ಹೊಕ್ಕರೂ ಹಾಗೆಯೇ ಒಳಕ್ಕೆ ಸರಿಯುತ್ತದೆ. ಉಣ್ಣಿ ಕೂಡ ಕಿವಿಯನ್ನು ಬಹಳ ಇಷ್ಟಪಡುತ್ತದೆ; ಕಿವಿಯ ಅಂಚಿನ ಮಡಿಕೆಯಲ್ಲಿ ಒಂದರ ಪಕ್ಕ ಒಂದು ಕೂತು ಹುಣಸೆಬೀಜದಂತೆ ಊದಿಕೊಂಡಿರುವುದನ್ನು ನೋಡದ ನಾಯಿ ಸಾಕಿದವರು ಇಲ್ಲಿ ಸಿಗಲಾರರು. ಇವೆರಡಕ್ಕೂ ತೊಳೆಯುವ ದ್ರಾವಣದಿಂದ ಉಪಯೋಗವಿಲ್ಲ. ಕಣ್ಣಿಗೆ ಕಾಣುವ ಉಣ್ಣಿಯನ್ನು ಚಿಮುಟದಿಂದ ಚರ್ಮದ ಬುಡದಲ್ಲಿ ಹಿಡಿದು ನೇರವಾಗಿ ಎಳೆಯಬಹುದು; ನಾಳದ ಒಳಗೆ ಹೋದದ್ದನ್ನು, ಅದು ಉಣ್ಣಿಯಾಗಲಿ ಊಬಾಗಲಿ, ವೈದ್ಯರೇ ತೆಗೆಯಬೇಕು.

ಕೊಬ್ಬರಿ ಎಣ್ಣೆಯ ಲೆಕ್ಕ

ಎಣ್ಣೆಯ ಪರವಾಗಿ ಹೇಳಬೇಕಾದ ಮಾತುಗಳನ್ನು ಮೊದಲು ಹೇಳಿಬಿಡುತ್ತೇನೆ. ಗಟ್ಟಿಯಾದ ಗುಗ್ಗೆಯನ್ನು ಎಣ್ಣೆ ಮೆತ್ತಗೆ ಮಾಡುತ್ತದೆ. ಕಿವಿನುಸಿಗಳನ್ನು ಉಸಿರುಗಟ್ಟಿಸಿ ಕೊಲ್ಲುತ್ತದೆ ಎಂಬುದೂ ಸುಳ್ಳಲ್ಲ. ಆದರೆ ಮೊಟ್ಟೆಯಿಂದ ಬಲಿತ ನುಸಿಯಾಗಲು ಸುಮಾರು ಮೂರು ವಾರ ಬೇಕಾಗುವುದರಿಂದ, ಎಣ್ಣೆಯೊಂದರಿಂದಲೇ ಗುಣಪಡಿಸಲು ಹೊರಟವರು ಅಷ್ಟೂ ದಿನ ತಪ್ಪದೆ ಹಾಕಬೇಕಾಗುತ್ತದೆ, ಮತ್ತು ಅಷ್ಟೂ ದಿನ ಮನೆಯ ಗೋಡೆ, ಹಾಸಿಗೆ, ಬಂದ ನೆಂಟರ ಬಟ್ಟೆ ಎಲ್ಲವೂ ಆ ಎಣ್ಣೆಯಲ್ಲಿ ಪಾಲು ಪಡೆಯುತ್ತವೆ. ಕಿವಿಯ ಹೊರಹಾಳೆಯ ಒಣಗಿದ ಅಂಚಿಗೆ, ಹಕ್ಕಳೆ ಕಟ್ಟಿದ ತುದಿಗೆ ತೆಳ್ಳಗೆ ಎಣ್ಣೆ ಸವರುವುದಕ್ಕೆ ನನ್ನ ಆಕ್ಷೇಪವಿಲ್ಲ. ಕೊಟ್ಟಿಗೆಯ ಪಕ್ಕದಲ್ಲೇ ಮಲಗುವ ಕೆಂಚನ ಕಿವಿತುದಿಯನ್ನು ನೊಣಗಳು ಕಚ್ಚಿ ರಕ್ತ ಬರಿಸಿದಾಗ, ನಾವು ಕೊಬ್ಬರಿ ಎಣ್ಣೆಗೆ ತುಸು ಬೇವಿನ ಎಣ್ಣೆ ಬೆರೆಸಿ ಅಂಚಿಗಷ್ಟೇ ಸವರುತ್ತೇವೆ.

ನಾಳದ ಒಳಕ್ಕೆ ಸುರಿಯುವುದು ಬೇರೆಯೇ ವಿಷಯ. ಆ ಬಾಗಿದ ಪೈಪಿನ ತಳದಲ್ಲಿ ನಿಂತ ಎಣ್ಣೆ ಆವಿಯಾಗುವುದಿಲ್ಲ, ಹರಿದು ಹೊರಬರುವುದೂ ಇಲ್ಲ. ಧೂಳು, ಕೂದಲು, ಗುಗ್ಗೆ ಎಲ್ಲವನ್ನೂ ಹಿಡಿದಿಟ್ಟುಕೊಂಡು ಕೆಸರಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಲಸೀಜಿಯಾ ಯೀಸ್ಟ್ ಕೊಬ್ಬಿನ ಅಂಶವನ್ನು ಮೆಚ್ಚುವ ಜಾತಿ. ಕೊಬ್ಬರಿ ಎಣ್ಣೆಯಲ್ಲಿರುವ ಲಾರಿಕ್ ಆಮ್ಲಕ್ಕೆ ಸೂಕ್ಷ್ಮಾಣುಗಳನ್ನು ತಡೆಯುವ ಗುಣವಿದೆ ಎಂದು ವಾದಿಸುವವರಿದ್ದಾರೆ, ಪ್ರಯೋಗಾಲಯದ ತಟ್ಟೆಯಲ್ಲಿ ಅದು ನಿಜವೂ ಹೌದು. ಆದರೆ ತಟ್ಟೆ ತೆರೆದದ್ದು, ಕಿವಿ ಮುಚ್ಚಿದ್ದು.

ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಬೇಕು. ಮೂರು ವರ್ಷದ ಹಿಂದೆ ಸೆಪ್ಟೆಂಬರ್ ಮಳೆಗೆ ಹೊಂಡ ತುಂಬಿದಾಗ ರಾಕಿ ದಿನಕ್ಕೆರಡು ಸಲ ಈಜುತ್ತಿದ್ದ. ಬಲಗಿವಿ ವಾಸನೆ ಬರತೊಡಗಿತು. ನಾನು ಒಂದು ಚಮಚ ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಮಾಡಿ, ಒಂದೆಸಳು ಬೆಳ್ಳುಳ್ಳಿ ಹಾಕಿ, ಆರಿಸಿ, ಮೂರು ರಾತ್ರಿ ಬಿಟ್ಟೆ. ನಾಲ್ಕನೆಯ ಬೆಳಗ್ಗೆ ಅವನು ತಲೆಯನ್ನು ಒಂದೇ ಕಡೆಗೆ ವಾಲಿಸಿಕೊಂಡು ಅಂಗಳದಲ್ಲಿ ನಿಂತಿದ್ದ. ಕೊಡವಿದಾಗ ಸುಣ್ಣದ ಗೋಡೆಯ ಮೇಲೆ ಕಂದು ಹನಿಗಳು ರಂಗೋಲಿಯ ಚುಕ್ಕಿಯಂತೆ ಬಿದ್ದವು. ಸಂಜೆಯ ಹೊತ್ತಿಗೆ ಕಿವಿಯ ಹಾಳೆ ಇಡ್ಲಿಯಂತೆ ಉಬ್ಬಿ ಬಿಸಿಯಾಗಿತ್ತು. ತಲೆ ಕೊಡವಿದ ರಭಸಕ್ಕೆ ಹಾಳೆಯೊಳಗಿನ ಸಣ್ಣ ರಕ್ತನಾಳ ಒಡೆದು ರಕ್ತ ತುಂಬಿಕೊಂಡಿದೆ ಎಂದು ವೈದ್ಯರು ಹೇಳಿದರು. ಒಳಗಿನ ತಮಟೆ ಹೇಗಿದೆಯೆಂದು ನೋಡಲು ಹೋದರೆ ಎಣ್ಣೆ ಅಡ್ಡ ಬಂದಿತ್ತು. ಮಂಪರು ಬರಿಸುವ ಚುಚ್ಚುಮದ್ದು ಕೊಟ್ಟು ಅದನ್ನೆಲ್ಲ ತೊಳೆದ ಮೇಲೆಯೇ ಅವರಿಗೆ ಏನಾದರೂ ಕಂಡದ್ದು. ಎಣ್ಣೆ ಹಾಕದಿದ್ದರೂ ರಾಕಿಗೆ ಸೋಂಕು ಇದ್ದೇ ಇತ್ತು. ನಾನು ಕಳೆದದ್ದು ನಾಲ್ಕು ದಿನ, ಕೂಡಿಸಿದ್ದು ಒಂದು ಶಸ್ತ್ರಚಿಕಿತ್ಸೆ.

ಬೆಳ್ಳುಳ್ಳಿಯ ವಿಷಯದಲ್ಲಿ ಇನ್ನೊಂದು ಮಾತು: ಕಿವಿಯಲ್ಲಿ ಅದು ಚರ್ಮವನ್ನು ಉರಿಸುತ್ತದೆ, ನೆಕ್ಕಿ ಹೊಟ್ಟೆಗೆ ಹೋದರೆ ನಾಯಿಯ ರಕ್ತಕ್ಕೂ ಒಳ್ಳೆಯದಲ್ಲ.

ಸಲೈನ್ ಮತ್ತು ಅಂಗಡಿಯ ದ್ರಾವಣ

ನಿಜವಾದ ಆಯ್ಕೆ ಇರುವುದು ಈ ಎರಡರ ನಡುವೆ. ಸಲೈನ್ ಎಂದರೆ ಲೀಟರಿಗೆ 9 ಗ್ರಾಂ ಉಪ್ಪು ಬೆರೆತ ಶುದ್ಧ ನೀರು, ಅಂದರೆ 0.9 ಶೇಕಡಾ. ಯಾವ ಔಷಧಿ ಅಂಗಡಿಯಲ್ಲೂ ಸಿಗುತ್ತದೆ, ಬೆಲೆ ಕಡಿಮೆ, ಉರಿಯುವುದಿಲ್ಲ. ಅದರ ದೊಡ್ಡ ಗುಣವೆಂದರೆ, ಅಕಸ್ಮಾತ್ ತಮಟೆಯಲ್ಲಿ ತೂತಿದ್ದು ದ್ರವ ಒಳಗಿವಿಯ ಕಡೆಗೆ ಹೋದರೂ ಅದರಿಂದ ವಿಷವಾಗುವ ಭಯವಿಲ್ಲ. ಅದರ ದೊಡ್ಡ ಕೊರತೆಯೆಂದರೆ, ಅದು ನೀರೇ. ಜಿಡ್ಡಾದ ಗುಗ್ಗೆಯನ್ನು ಕರಗಿಸುವುದಿಲ್ಲ, ಯೀಸ್ಟನ್ನು ಕೊಲ್ಲುವುದಿಲ್ಲ, ಬೇಗ ಒಣಗುವುದೂ ಇಲ್ಲ. ಮಣ್ಣು, ಮರಳು, ಪುಡಿ ಕಸ ಹೊಕ್ಕಾಗ ಹಾಳೆಯ ಒಳಭಾಗವನ್ನೂ ನಾಳದ ಬಾಯಿಯನ್ನೂ ತೊಳೆಯಲು ಸಲೈನ್ ಸಾಕು. ರಾಕಿಯಂಥ ಜಿಡ್ಡು ಕಿವಿಗೆ ಸಾಲದು. ಕೊಳ್ಳುವುದಾದರೆ ಚಿಕ್ಕ ಬಾಟಲಿಯನ್ನೇ ಕೊಳ್ಳಬೇಕು, ಏಕೆಂದರೆ ಸಲೈನಿನಲ್ಲಿ ಕೆಡದಂತೆ ತಡೆಯುವ ವಸ್ತು ಇರುವುದಿಲ್ಲ; ತೆರೆದ ಬಾಟಲಿಯನ್ನು ಕಿಟಕಿಯಲ್ಲಿಟ್ಟು ತಿಂಗಳುಗಟ್ಟಲೆ ಬಳಸುವುದೆಂದರೆ ರೋಗಾಣುಗಳನ್ನು ಸಾಕಿ ಕಿವಿಗೆ ಬಿಟ್ಟಂತೆ. ಮನೆಯಲ್ಲಿ ಅಡುಗೆ ಉಪ್ಪನ್ನು ಕೊಳವೆಬಾವಿಯ ನೀರಿಗೆ ಬೆರೆಸಿ ‘ಸಲೈನ್’ ಮಾಡುವವರೂ ಇದ್ದಾರೆ. ನಮ್ಮ ಜಿಲ್ಲೆಯ ಗಡಸು ನೀರನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ.

ಅಂಗಡಿಯ ಕಿವಿದ್ರಾವಣಗಳೆಲ್ಲ ಒಂದೇ ಅಲ್ಲ. ಸೀಸೆಯ ಮುಂಬದಿಯ ನಗುವ ನಾಯಿಯ ಚಿತ್ರವನ್ನು ಬಿಟ್ಟು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು. ಸ್ಕ್ವಾಲೀನ್, ಪ್ರೊಪಿಲೀನ್ ಗ್ಲೈಕಾಲ್ ಮುಂತಾದವು ಗುಗ್ಗೆ ಕರಗಿಸುವವು. ಸ್ಯಾಲಿಸಿಲಿಕ್ ಆಮ್ಲ, ಲ್ಯಾಕ್ಟಿಕ್ ಆಮ್ಲ, ಬೋರಿಕ್ ಆಮ್ಲಗಳು ಕಿವಿಯೊಳಗೆ ತುಸು ಆಮ್ಲೀಯತೆ ತಂದು, ತೇವ ಆರಿಸಿ, ಯೀಸ್ಟಿಗೆ ಒಗ್ಗದ ನೆಲೆಯನ್ನು ಮಾಡುತ್ತವೆ; ಈಜುವ ನಾಯಿಗೆ, ಜೋಲುಕಿವಿಯ ಕಾಕರ್ ಸ್ಪ್ಯಾನಿಯಲ್, ಬೀಗಲ್, ಗೋಲ್ಡನ್ ರಿಟ್ರೀವರ್‌ಗಳಿಗೆ ಇವೇ ಹೊಂದುತ್ತವೆ. ಕ್ಲೋರ್‌ಹೆಕ್ಸಿಡೀನ್ ಇರುವವು ರೋಗಾಣುನಾಶಕಗಳು. ತಮಟೆ ತೂತಾಗಿರುವ ಕಿವಿಯಲ್ಲಿ ಅವು ಶ್ರವಣಶಕ್ತಿಗೆ ಕುಂದು ತರಬಲ್ಲವು, ಆದ್ದರಿಂದ ವೈದ್ಯರು ನೋಡದೆ ಕೊಳ್ಳಬಾರದು. ಟ್ರಿಸ್-ಇಡಿಟಿಎ ಎಂದು ಬರೆದದ್ದು ಸ್ವತಃ ಗುಗ್ಗೆಯನ್ನು ತೆಗೆಯುವುದಿಲ್ಲ. ಹಟಮಾರಿ ಬ್ಯಾಕ್ಟೀರಿಯಾದ ಹೊರಕವಚವನ್ನು ಸಡಿಲಗೊಳಿಸಿ, ಆಮೇಲೆ ಹಾಕುವ ಔಷಧಿಗೆ ದಾರಿ ಮಾಡಿಕೊಡುತ್ತದೆ. ಅದನ್ನು ಸುಮ್ಮನೆ ವಾರದ ಸ್ವಚ್ಛತೆಗೆ ಬಳಸುವುದು ಹಣದ ದಂಡ. ಸ್ಪಿರಿಟ್ ಹೆಚ್ಚಿರುವ ದ್ರಾವಣ ಬೇಗ ಒಣಗುತ್ತದೆ ನಿಜ, ಆದರೆ ಕೆರೆದು ಗಾಯವಾದ ಕಿವಿಗೆ ಅದು ಕಾಯಿಸಿದ ಸೌಟಿನಂತೆ. ಒಮ್ಮೆ ಉರಿ ಕಂಡ ನಾಯಿ ಆಮೇಲೆ ಸೀಸೆಯ ಮುಚ್ಚಳ ತೆಗೆಯುವ ಸದ್ದಿಗೇ ಮಂಚದ ಕೆಳಗೆ ಸೇರುತ್ತದೆ. ನನಗೆ ಕೇಳಿದರೆ, ಜೋಲುಕಿವಿಯ ನಾಯಿ ಇರುವ ಮನೆಯಲ್ಲಿ ಸ್ಪಿರಿಟ್ ಇಲ್ಲದ, ಸೌಮ್ಯ ಆಮ್ಲವಿರುವ ಒಂದು ದ್ರಾವಣ ಇದ್ದರೆ ಸಾಕು, ಮಿಕ್ಕ ಸೀಸೆಗಳು ಕಪಾಟಿಗೇ ಚೆನ್ನ.

ಕಿವಿಗೆಂದು ಮಾಡಿದ ಒದ್ದೆ ಕಾಗದಗಳು ಹಾಳೆಯ ಒಳಭಾಗವನ್ನು ಒರೆಸಲು ಅನುಕೂಲ, ಅಷ್ಟೆ. ಪುಡಿಗಳು ಬೇಡ; ತೇವಕ್ಕೂ ಕೂದಲಿಗೂ ಸೇರಿ ಸಿಮೆಂಟಿನಂತೆ ಗಟ್ಟಿಯಾಗುತ್ತವೆ.

ಅಡುಗೆಮನೆಯ ವಿನೆಗರ್‌ಗೆ ಸಮಪಾಲು ನೀರು ಬೆರೆಸಿ ಬಳಸುವ ಪದ್ಧತಿಯೊಂದಿದೆ. ಅದರ ಹಿಂದಿನ ತರ್ಕ ಸರಿಯೇ, ಆಮ್ಲೀಯತೆ ಯೀಸ್ಟಿಗೆ ಆಗದು. ಆದರೆ ಅಳತೆ ಯಾರ ಕೈಯಲ್ಲೂ ಒಂದೇ ಇರುವುದಿಲ್ಲ, ಕೆಂಪಾದ ಕಿವಿಯಲ್ಲಿ ಅದು ಉರಿಯುತ್ತದೆ. ಹೈಡ್ರೋಜನ್ ಪೆರಾಕ್ಸೈಡ್‌ನ ನೊರೆ ನೋಡಿ ‘ಕೊಳೆಯೆಲ್ಲ ಕಿತ್ತು ಬರುತ್ತಿದೆ’ ಎಂದು ಸಂತೋಷಪಡುವವರಿಗೆ ಗೊತ್ತಿರಬೇಕಾದದ್ದು, ಆ ನೊರೆ ಕೊಳೆಯಿಲ್ಲದ ಗಾಯದ ಮೇಲೂ ಬರುತ್ತದೆ, ಪೆರಾಕ್ಸೈಡ್ ಆರೋಗ್ಯವಾದ ಚರ್ಮವನ್ನೂ ಸುಡುತ್ತದೆ, ಕೊನೆಗೆ ನೀರನ್ನು ಉಳಿಸಿ ಹೋಗುತ್ತದೆ. ಮನುಷ್ಯರ ಗುಗ್ಗೆ ಕರಗಿಸಲು ಮಾರುವ ಹನಿಗಳಲ್ಲಿ ಹಲವಕ್ಕೆ ಟರ್ಪೆಂಟೈನ್ ಎಣ್ಣೆ ಬೆರೆಸಿರುತ್ತಾರೆ. ಅದನ್ನು ನಾಯಿಗೆ ಹಾಕುವ ಮಾತೇ ಬೇಡ.

ಬಡ್ಸ್, ಗ್ರೂಮಿಂಗ್, ಹಳೆಯ ಹನಿ

ಬಡ್ಸ್ ಎಂಬ ಹತ್ತಿಕಡ್ಡಿಯ ವಿಷಯದಲ್ಲಿ ನಾನು ಯಾವ ರಾಜಿಗೂ ಸಿದ್ಧನಿಲ್ಲ. ಕಡ್ಡಿಯ ತುದಿಗೆ ಬಂದ ಗುಗ್ಗೆ ಕಣ್ಣಿಗೆ ಕಾಣುತ್ತದೆ, ಕಡ್ಡಿಯೇ ಒಳಕ್ಕೆ ದೂಡಿ ಬಾಗುವಿನಲ್ಲಿ ಗಿಡಿದದ್ದು ಕಾಣುವುದಿಲ್ಲ. ನಾಯಿ ಒಮ್ಮೆ ತಲೆ ಕೊಡವಿದರೆ ಕಡ್ಡಿ ಚುಚ್ಚುವ ಅಪಾಯವೂ ಇದೆ. ಬೆರಳಿಗೆ ಸುತ್ತಿದ ಹತ್ತಿಬಟ್ಟೆ ಅಥವಾ ಗಾಜ್ ಬಟ್ಟೆ ಎಲ್ಲಿಯವರೆಗೆ ಹೋಗುತ್ತದೆಯೋ ಅಲ್ಲಿಯವರೆಗೆ ಮಾತ್ರ ನಮ್ಮ ಅಧಿಕಾರ.

ತುಮಕೂರಿನಲ್ಲಿ ಈಗ ನಾಯಿಗೆ ಸ್ನಾನ, ಕ್ಷೌರ ಮಾಡಿಸುವ ಅಂಗಡಿಗಳಿವೆ. ಅಲ್ಲಿ ಕಿವಿ ಸ್ವಚ್ಛತೆಯೂ ಒಂದು ಬಾಬತ್ತು. ಶಿಟ್ಜು, ಪೂಡ್ಲ್‌ಗಳಂತೆ ನಾಳದೊಳಗೇ ಕೂದಲು ಬೆಳೆಯುವ ತಳಿಗಳನ್ನು ಸಾಕಿದವರಿಗೆ ಇದು ಉಪಯುಕ್ತ, ಆದರೆ ಕೇಳಬೇಕಾದ ಪ್ರಶ್ನೆಗಳಿವೆ. ಒಂದು ನಾಯಿಗೆ ಬಳಸಿದ ಚಿಮುಟವನ್ನು ತೊಳೆಯದೆ ಇನ್ನೊಂದಕ್ಕೆ ಬಳಸುತ್ತಾರೆಯೇ, ಯಾವ ದ್ರಾವಣ ಹಾಕುತ್ತಾರೆ, ಕೂದಲನ್ನು ಎಲ್ಲ ನಾಯಿಗೂ ಕೀಳುತ್ತಾರೆಯೇ? ಯಾವ ತೊಂದರೆಯೂ ಇಲ್ಲದ ಕಿವಿಯ ಕೂದಲನ್ನು ಅಭ್ಯಾಸಬಲದಿಂದ ಕೀಳುವುದು ಚರ್ಮಕ್ಕೆ ಗಾಯ ಮಾಡಿ ಸೋಂಕನ್ನು ಕರೆದುತಂದಂತೆ. ಪದೇ ಪದೇ ಸೋಂಕಾಗುವ ಕಿವಿಯಲ್ಲಿ ಮಾತ್ರ, ಗಾಳಿಯಾಡಲೆಂದು, ವೈದ್ಯರ ಸಲಹೆಯಂತೆ ತೆಗೆಸಬಹುದು.

ಇನ್ನು ಫ್ರಿಜ್ಜಿನ ಬಾಗಿಲಲ್ಲಿ ಉಳಿದಿರುವ ಹಳೆಯ ಕಿವಿಹನಿ. ಕಳೆದ ವರ್ಷ ಇದರಲ್ಲೇ ವಾಸಿಯಾಗಿತ್ತು ಎಂಬ ನೆನಪು ಬಹಳ ಬಲವಾದದ್ದು, ಅದಕ್ಕೇ ಅಪಾಯಕಾರಿ. ಇಂಥ ಹನಿಗಳಲ್ಲಿ ಸಾಮಾನ್ಯವಾಗಿ ಮೂರು ವಸ್ತುಗಳು ಸೇರಿರುತ್ತವೆ: ಜೆಂಟಮೈಸಿನ್‌ನಂಥ ಒಂದು ಆ್ಯಂಟಿಬಯೋಟಿಕ್, ಕ್ಲೋಟ್ರಿಮಜೋಲ್‌ನಂಥ ಒಂದು ಯೀಸ್ಟ್‌ನಾಶಕ, ಊತವನ್ನು ಇಳಿಸುವ ಒಂದು ಸ್ಟಿರಾಯ್ಡ್. ಸ್ಟಿರಾಯ್ಡಿನಿಂದಾಗಿ ಯಾವ ರೋಗವಿದ್ದರೂ ಎರಡು ದಿನ ನಾಯಿಗೆ ಹಾಯೆನಿಸುತ್ತದೆ, ನಾವು ಮೋಸಹೋಗುತ್ತೇವೆ. ಜೆಂಟಮೈಸಿನ್ ತೂತಾದ ತಮಟೆಯ ಮೂಲಕ ಒಳಗಿವಿಗೆ ಸೇರಿದರೆ ಕಿವುಡು ಬರುವ ಸಾಧ್ಯತೆಯಿದೆ. ಕುರಿ-ಮೇಕೆಗಳಿಗೆಂದು ತಂದ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ನಾಯಿಯ ನುಸಿಗೂ ಅಂದಾಜಿನಲ್ಲಿ ಕೊಡುವ ರೂಢಿ ಶಿರಾ, ಪಾವಗಡ ಕಡೆಯ ಹಟ್ಟಿಗಳಿಗೆ ಹೊಸದೇನೂ ಅಲ್ಲ. ಕಾಲಿ (Collie) ಎಂಬ ವಿದೇಶಿ ಕುರಿನಾಯಿಯಂಥ ತಳಿಗಳಲ್ಲಿ ಅನೇಕ ನಾಯಿಗಳಿಗೆ ಹುಟ್ಟಿನಿಂದಲೇ ಇರುವ ಒಂದು ಜೀನ್ ದೋಷದಿಂದಾಗಿ ಈ ಔಷಧಿ ಮಿದುಳಿಗೆ ಸೇರಿ ಪ್ರಾಣಕ್ಕೇ ಎರವಾಗುತ್ತದೆ. ಮಿಶ್ರತಳಿಯ ನಾಯಿಯ ಅಜ್ಜ ಯಾರೆಂದು ನಮಗೆ ಹೇಗೆ ಗೊತ್ತು? ನುಸಿಗೆ ಇಂದು ಸೆಲಮೆಕ್ಟಿನ್ ಎಂಬ ಬೆನ್ನಿಗೆ ಬಿಡುವ ಹನಿ, ಉಣ್ಣಿಯನ್ನೂ ಕೊಲ್ಲುವ ಫ್ಲುರಲಾನರ್‌ನಂಥ ಅಗಿಯುವ ಮಾತ್ರೆ ಸಿಗುತ್ತವೆ. ನಾಯಿಯ ತೂಕ ಹೇಳಿ, ವೈದ್ಯರಿಂದ ಬರೆಸಿಕೊಂಡು ತರುವುದೇ ಸರಿ. ಮನೆಯಲ್ಲಿರುವ ಬೆಕ್ಕು ನಾಯಿ ಎಲ್ಲಕ್ಕೂ ಒಟ್ಟಿಗೆ ಚಿಕಿತ್ಸೆಯಾಗಬೇಕೆಂಬುದನ್ನು ಮರೆಯಬಾರದು.

ಗಾಯಕ್ಕೆ ಹುಳು ಬಿದ್ದಾಗ ಫಿನಾಯಿಲನ್ನೋ ಪೆಟ್ರೋಲನ್ನೋ ಕಿವಿಗೆ ಸುರಿಯುವುದನ್ನೂ ಕಂಡಿದ್ದೇನೆ. ಹುಳು ಸಾಯುತ್ತದೆ, ಅದರೊಂದಿಗೆ ಕಿವಿಯ ಮಾಂಸವೂ ಸಾಯುತ್ತದೆ.

ಯಾವಾಗ ಮನೆ, ಯಾವಾಗ ಆಸ್ಪತ್ರೆ

ವಾಸನೆಯಿಲ್ಲ, ನೋವಿಲ್ಲ, ಸ್ವಲ್ಪ ಗುಗ್ಗೆ ಮಾತ್ರ ಇದೆ ಎಂದಾದರೆ ಮನೆಯಲ್ಲೇ ತೊಳೆಯಬಹುದು. ವಾಸನೆ, ಕೆಂಪು, ನೋವು, ಕೀವು ಇವುಗಳಲ್ಲಿ ಯಾವುದೊಂದು ಇದ್ದರೂ ಮೊದಲು ತೋರಿಸಿ, ಆಮೇಲೆ ತೊಳೆಯಬೇಕು. ತೊಳೆದು ತೋರಿಸಿದರೆ ವೈದ್ಯರು ನೋಡಬೇಕಾದದ್ದನ್ನೇ ಅಳಿಸಿದಂತಾಗುತ್ತದೆ. ತಲೆ ವಾಲಿಸುವುದು, ನಡೆಯುವಾಗ ತೂರಾಡುವುದು, ಸುತ್ತಿದಲ್ಲೇ ಸುತ್ತುವುದು, ಮುಖದ ಒಂದು ಬದಿ ಜೋತುಬೀಳುವುದು, ಬಾಯಿ ತೆರೆಯಲು ನೋಯುವುದು ಇವು ಸೋಂಕು ತಮಟೆಯನ್ನು ದಾಟಿರಬಹುದೆಂಬ ಸೂಚನೆಗಳು; ಆ ದಿನವೇ ಹೋಗಬೇಕು.

ಆಸ್ಪತ್ರೆಯಲ್ಲಿ ಏನನ್ನು ಅಪೇಕ್ಷಿಸಬೇಕೆಂಬುದು ತಿಳಿದಿದ್ದರೆ ಕೊಟ್ಟ ಹಣಕ್ಕೂ ಸಮಯಕ್ಕೂ ಬೆಲೆ ಬರುತ್ತದೆ. ಆಟೋಸ್ಕೋಪ್ ಎಂಬ ದೀಪದ ಕೊಳವೆಯಿಂದ ನಾಳದ ಕೊನೆಯವರೆಗೆ ನೋಡಿ ತಮಟೆ ಇಡಿಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಮೊದಲನೆಯದು. ಗುಗ್ಗೆಯ ಮಾದರಿಯನ್ನು ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು ಎರಡನೆಯದು. ಯೀಸ್ಟೋ, ದುಂಡನೆಯ ಬ್ಯಾಕ್ಟೀರಿಯಾವೋ, ಕಡ್ಡಿಯಾಕಾರದ್ದೋ ಎಂದು ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ, ಔಷಧಿ ಅದರ ಮೇಲೆ ನಿಂತಿದೆ. ಕಡ್ಡಿಯಾಕಾರದವು ಕಂಡರೆ ಯಾವ ಔಷಧಿಗೆ ಬಗ್ಗುತ್ತವೆಂದು ತಿಳಿಯಲು ಕಲ್ಚರ್ ಪರೀಕ್ಷೆಗೆ ಕಳುಹಿಸುವುದು ವಾಡಿಕೆ. ತಾಲ್ಲೂಕು ಪಶು ಆಸ್ಪತ್ರೆಗಳು ಹೆಚ್ಚಾಗಿ ಹಸು, ಎಮ್ಮೆ, ಕುರಿಗಳ ಕೆಲಸದಲ್ಲೇ ಮುಳುಗಿರುವುದರಿಂದ ಈ ಎರಡು ಸೌಲಭ್ಯಗಳಿವೆಯೇ ಎಂದು ಮೊದಲೇ ವಿಚಾರಿಸಿ ಹೊರಡುವುದು ಒಳಿತು. ತಿಂಗಳುಗಟ್ಟಲೆ ಎಳೆದ ಕಿವಿಯಾದರೆ ತುಮಕೂರು ಕಡೆಯವರಿಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ತಿಪಟೂರು ಕಡೆಯವರಿಗೆ ಹಾಸನದ ಪಶುವೈದ್ಯಕೀಯ ಕಾಲೇಜು ಹೋಗಿಬರಬಹುದಾದ ದೂರದಲ್ಲಿವೆ. ವರ್ಷಕ್ಕೆ ಮೂರು ನಾಲ್ಕು ಸಲ ಮರುಕಳಿಸುವ ಕಿವಿಯ ಮೂಲ ಬಹುಪಾಲು ಕಿವಿಯಲ್ಲಿರುವುದಿಲ್ಲ. ಚರ್ಮದ ಅಲರ್ಜಿ, ಕೆಲವೊಮ್ಮೆ ಆಹಾರದ ಅಲರ್ಜಿ ಅದರ ಹಿಂದೆ ಇರುತ್ತದೆ. ಅಂಥ ನಾಯಿ ಪಾದ ನೆಕ್ಕುತ್ತದೆಯೇ, ಹೊಟ್ಟೆಯ ಚರ್ಮ ಕೆಂಪಾಗಿದೆಯೇ ಎಂದು ಗಮನಿಸಿ ಹೇಳಿದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ.

ಬರೆದುಕೊಟ್ಟ ಹನಿಯನ್ನು ನಾಲ್ಕನೆಯ ದಿನ ವಾಸನೆ ಹೋಯಿತೆಂದು ನಿಲ್ಲಿಸುವವರಲ್ಲಿ ನಾನೂ ಒಬ್ಬನಾಗಿದ್ದೆ. ಹೇಳಿದಷ್ಟು ದಿನ ಹಾಕಿ, ಮತ್ತೊಮ್ಮೆ ತೋರಿಸಿ, ಗಾಜಿನ ಪಟ್ಟಿಯಲ್ಲಿ ಏನೂ ಉಳಿದಿಲ್ಲವೆಂದು ಕೇಳಿಸಿಕೊಂಡ ಮೇಲೆಯೇ ನಿಲ್ಲಿಸಬೇಕು.

ತೊಳೆಯುವ ಕ್ರಮ

ದ್ರಾವಣದ ಸೀಸೆಯನ್ನು ಮೊದಲು ಅಂಗೈಯಲ್ಲಿ ಐದು ನಿಮಿಷ ಹಿಡಿದು ಮೈಬಿಸಿಗೆ ತರಬೇಕು. ತಣ್ಣನೆಯ ದ್ರವ ಒಳಗೆ ಹೋದರೆ ನಾಯಿಗೆ ತಲೆಸುತ್ತು ಬರಬಹುದು. ಜಾಗವನ್ನು ಹೊರಗೆ, ಒಗೆಯುವ ಕಲ್ಲಿನ ಹತ್ತಿರ ಆರಿಸಿಕೊಂಡರೆ ಗೋಡೆ ಉಳಿಯುತ್ತದೆ. ಕಿವಿಯ ಹಾಳೆಯನ್ನು ಮೇಲಕ್ಕೆ ನೇರವಾಗಿ ಎತ್ತಿ ಹಿಡಿದರೆ ಬಾಗಿದ ನಾಳ ಸ್ವಲ್ಪ ನೆಟ್ಟಗಾಗುತ್ತದೆ. ಸೀಸೆಯ ಮೂತಿ ಚರ್ಮಕ್ಕೆ ತಾಗದಂತೆ, ನಾಳ ತುಂಬುವಷ್ಟು ದ್ರಾವಣ ಬಿಟ್ಟು, ಕಿವಿಯ ಬುಡವನ್ನು ಹೊರಗಿನಿಂದ ಹೆಬ್ಬೆರಳು ತೋರುಬೆರಳುಗಳ ನಡುವೆ ಅರ್ಧ ನಿಮಿಷ ಮೆಲ್ಲಗೆ ತಿಕ್ಕಬೇಕು. ಒಳಗೆ ಪಿಚಪಿಚ ಸದ್ದು ಕೇಳಿದರೆ ದ್ರಾವಣ ಬಾಗುವಿನವರೆಗೆ ತಲುಪಿದೆ ಎಂದರ್ಥ. ಆಮೇಲೆ ಕೈ ಬಿಟ್ಟು ಹಿಂದೆ ಸರಿಯಬೇಕು. ಉಳಿದ ಕೆಲಸವನ್ನು ನಾಯಿಯೇ ತಲೆ ಕೊಡವಿ ಮಾಡುತ್ತದೆ, ಮತ್ತು ಅದು ನಮಗಿಂತ ಚೆನ್ನಾಗಿ ಮಾಡುತ್ತದೆ. ನಾಳದ ಬಾಯಿಗೆ ಬಂದ ಗುಗ್ಗೆಯನ್ನು ಬೆರಳಿಗೆ ಸುತ್ತಿದ ಬಟ್ಟೆಯಿಂದ ಒರೆಸಿ, ಒಂದು ಚೂರು ಚಪಾತಿಯನ್ನೋ ಬೇಯಿಸಿದ ಮೊಟ್ಟೆಯನ್ನೋ ಕೊಟ್ಟರೆ ಮುಂದಿನ ಸಲ ಹಿಡಿಯಲು ಅಂಗಳ ಸುತ್ತಬೇಕಾಗುವುದಿಲ್ಲ. ಔಷಧಿಯ ಹನಿ ಹಾಕಬೇಕಿದ್ದರೆ ಕಿವಿ ತುಸು ಆರಿದ ಮೇಲೆ ಹಾಕಬೇಕು, ಇಲ್ಲವಾದರೆ ಅದು ನೀರಿನಲ್ಲಿ ಕದಡಿ ಹೋಗುತ್ತದೆ.

ಸ್ನಾನ ಮಾಡಿಸುವಾಗ ಕಿವಿಗೆ ಹತ್ತಿಯುಂಡೆ ಇಡುವುದಾದರೆ ಎರಡಿಟ್ಟಿದ್ದೇವೆಂಬುದನ್ನು ಲೆಕ್ಕವಿಟ್ಟುಕೊಂಡು ಎರಡನ್ನೂ ತೆಗೆಯಬೇಕು.

ಈಗ ನಮ್ಮ ಮನೆಯಲ್ಲಿ ನಡೆಯುವುದಿಷ್ಟು. ಆಗಸ್ಟಿನಿಂದ ನವೆಂಬರಿನವರೆಗೆ, ಹೊಂಡದಲ್ಲಿ ನೀರಿರುವಷ್ಟು ಕಾಲ, ರಾಕಿ ಈಜಿದ ದಿನ ಒಣ ಬಟ್ಟೆಯಿಂದ ಕಿವಿ ಒರೆಸಿ, ವಾರಕ್ಕೊಮ್ಮೆ ಸೌಮ್ಯ ಆಮ್ಲದ ದ್ರಾವಣ ಹಾಕುತ್ತೇವೆ. ಬೇಸಿಗೆಯಲ್ಲಿ ಹೊಂಡ ಬತ್ತಿದಾಗ ಅದು ತಿಂಗಳಿಗೊಮ್ಮೆಗೆ ಇಳಿಯುತ್ತದೆ. ಸೀಸೆಯ ಮೇಲೆ ತೆರೆದ ತಾರೀಖನ್ನು ಪೆನ್ನಿನಿಂದ ಬರೆದಿಡುತ್ತೇವೆ. ಕೆಂಚನ ಕಿವಿಯನ್ನು ಭಾನುವಾರ ಮೂಸಿ ನೋಡುತ್ತೇನೆ, ಅವನೂ ತಿರುಗಿ ನನ್ನ ಕಿವಿಯನ್ನು ಮೂಸುತ್ತಾನೆ. ಕೊಬ್ಬರಿ ಎಣ್ಣೆಯ ಸೀಸೆ ಅಡುಗೆಮನೆಯಲ್ಲಿದೆ.